ಹೆಸರುಗಳ ಪಟ್ಟಿಯಲ್ಲಿ ದೇವರ ಮನೆತನ: ಬೈಬಲಿನ ವಂಶಾವಳಿಗಳ ಅಭ್ಯಾಸ



ಪರಸ್ಥಳದಲ್ಲಿ ಇಬ್ಬರು ಕನ್ನಡಿಗರು ಭೇಟಿಯಾದರೆ ಮೊದಲು ಬರುವ ಪ್ರಶ್ನೆ “ಯಾವ ಊರಾಯಿತು?” ಎಂಬುದು. ಎರಡನೆಯದು “ಯಾರ ಪೈಕಿ?” ಎಂಬುದು. ಮೊದಲನೆಯ ಪ್ರಶ್ನೆಗೆ ಎಲ್ಲರೂ ಸಂತೋಷದಿಂದ ಉತ್ತರ ಹೇಳುತ್ತಾರೆ. ಎರಡನೆಯದನ್ನು ಕೇಳಿದಾಗ ಕೆಲವರ ಮುಖ ಅರಳುತ್ತದೆ, ಕೆಲವರ ಮುಖ ಬಾಡುತ್ತದೆ. ದೊಡ್ಡ ಮನೆತನದವನಿಗೆ ಅದು ಮೆರೆಯುವ ಅವಕಾಶ. ಅಪ್ಪನ ಹೆಸರಿನಾಚೆ ಏನನ್ನೂ ಅರಿಯದವನಿಗೆ, ಅಥವಾ ಅರಿತಿದ್ದರೂ ಹೇಳಲು ಹಿಂಜರಿಯುವವನಿಗೆ, ಅದು ಮುಳ್ಳಿನ ಪ್ರಶ್ನೆ. ಮನುಷ್ಯನು ಯಾರಿಗೆ ಸೇರಿದವನು ಎಂಬುದೇ ಈ ಪ್ರಶ್ನೆಯ ತಿರುಳು. ಬೈಬಲಿನಲ್ಲಿರುವ ಉದ್ದುದ್ದ ವಂಶಾವಳಿಗಳು ಕೇಳುವುದೂ ಇದನ್ನೇ.

ಬೈಬಲನ್ನು ಓದಲು ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಈ ಪಟ್ಟಿಗಳು ಬಂದೊಡನೆ ಹಾಳೆ ಮಗುಚಿಬಿಡುತ್ತಾರೆ. ಇಂಥವನು ಇಂಥವನನ್ನು ಪಡೆದನು, ಅವನು ಇನ್ನೊಬ್ಬನನ್ನು ಪಡೆದನು ಎಂಬ ಸಾಲುಗಳಲ್ಲಿ ಸ್ವಾರಸ್ಯವೇನಿದೆ ಎಂದು ಕೇಳುತ್ತಾರೆ. ಗಿರಣಿಯ ಹಾಜರಿ ಪುಸ್ತಕವನ್ನು ದಿನವೂ ಬರೆಯುವ ನಮಗೆ ಈ ಮಾತಿನ ಅರ್ಥ ಚೆನ್ನಾಗಿ ಆಗುತ್ತದೆ. ಹಾಜರಿ ಪುಸ್ತಕವನ್ನು ಯಾರೂ ಕಥೆಯಂತೆ ಓದುವುದಿಲ್ಲ. ಆದರೆ ಸಂಬಳದ ದಿನ ಅದರಲ್ಲಿ ತನ್ನ ಹೆಸರು ಇದೆಯೇ ಎಂದು ನೋಡುವವನು ಕಣ್ಣರಳಿಸಿ ಓದುತ್ತಾನೆ. ಹೆಸರಿನ ಪಟ್ಟಿಯ ಬೆಲೆ ಗೊತ್ತಾಗುವುದು ತನ್ನ ಹೆಸರನ್ನು ಹುಡುಕುವವನಿಗೆ. ಅಂಥ ಕಣ್ಣಿನಿಂದ ಈ ವಂಶಾವಳಿಗಳನ್ನು ನೋಡೋಣವೆಂಬುದೇ ಈ ಪಾಠದ ಉದ್ದೇಶ. ನಮ್ಮ ವಾಚನಾಲಯಕ್ಕೆ ಎಲ್ಲ ಮತದವರೂ ಬರುತ್ತಾರೆ. ಯಾರ ನಂಬಿಕೆಯನ್ನೂ ಕದಲಿಸುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಒಂದು ಹಳೆಯ ಗ್ರಂಥದಿಂದ ಎಲ್ಲರಿಗೂ ಬೇಕಾದ ಒಂದು ವಿಷಯವನ್ನು ತಿಳಿಯುವುದಕ್ಕಾಗಿ ಬರೆಯುತ್ತಿದ್ದೇವೆ.

1. ನಮ್ಮ ನಾಡಿನ ವಂಶಾವಳಿಗಳು

ವಂಶಾವಳಿ ನಮಗೆ ಹೊಸದಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದವರು ಹೆಳವರನ್ನು ಬಲ್ಲರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಮನೆಮನೆಗೆ ಬಂದು, ಆ ಮನೆಯ ಹಿರಿಯರ ಹೆಸರುಗಳನ್ನು ತಲೆತಲಾಂತರದಿಂದ ಒಪ್ಪಿಸಿ, ಕಾಳುಕಡ್ಡಿ ಪಡೆದು ಮುಂದಿನ ಊರಿಗೆ ಹೋಗುವುದು ಅವರ ಕುಲವೃತ್ತಿ. ಮನೆಯವರು ಮರೆತ ಹೆಸರನ್ನು ಹೆಳವನು ಮರೆತಿರುವುದಿಲ್ಲ. ಯಾವ ಊರಿನಿಂದ ಯಾವ ಊರಿಗೆ ಆ ಮನೆತನ ಬಂತು, ಯಾರಿಗೆ ಎಷ್ಟು ಮಕ್ಕಳು ಎಂಬುದೆಲ್ಲ ಅವನ ನಾಲಗೆಯ ಮೇಲೆ ಇರುತ್ತದೆ.

ಶ್ರಾದ್ಧ ಮಾಡುವವರು ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಯ ಹೆಸರನ್ನು ಹೇಳುತ್ತಾರೆ. ಸಂಕಲ್ಪದಲ್ಲಿ ಗೋತ್ರವನ್ನು ಹೇಳುತ್ತಾರೆ. ಇನ್ನು ನಮ್ಮ ಅರಸರ ಶಾಸನಗಳನ್ನು ನೋಡಿದರೆ ಅವುಗಳ ಮೊದಲ ಭಾಗವೆಲ್ಲ ವಂಶವರ್ಣನೆಯೇ. ಬಾದಾಮಿಯ ಚಾಲುಕ್ಯರು ತಮ್ಮನ್ನು ಮಾನವ್ಯ ಗೋತ್ರದವರೆಂದು ಕರೆದುಕೊಂಡರು. ಹೊಯ್ಸಳರು ತಮ್ಮನ್ನು ಯದುವಂಶಕ್ಕೆ ಸೇರಿಸಿಕೊಂಡರು. ಇಂಥ ಶಾಸನಗಳಲ್ಲಿ ಒಂದು ಸಾಮಾನ್ಯ ಲಕ್ಷಣವುಂಟು. ಗೆದ್ದ ಯುದ್ಧಗಳು ಕಾಣುತ್ತವೆ, ಮಾಡಿದ ತಪ್ಪುಗಳು ಕಾಣುವುದಿಲ್ಲ. ವಂಶದ ಹಿರಿಮೆಯನ್ನು ಲೋಕಕ್ಕೆ ತೋರಿಸುವುದೇ ಅವುಗಳ ಕೆಲಸ.

ಈ ಲಕ್ಷಣವನ್ನು ನೆನಪಿನಲ್ಲಿಟ್ಟುಕೊಂಡು ಬೈಬಲಿನ ಪಟ್ಟಿಗಳಿಗೆ ಬರೋಣ. ಅಲ್ಲಿ ಕಾಣುವ ವ್ಯತ್ಯಾಸ ಆಗ ತಿಳಿಯುತ್ತದೆ.

2. ಪಟ್ಟಿಗಳು ಎಲ್ಲೆಲ್ಲಿವೆ?

ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಮ್ ರೀವ್ ಎಂಬ ಲಂಡನ್ ಮಿಷನಿನವರ ದುಡಿಮೆಯಿಂದ 1831ರ ಹೊತ್ತಿಗೆ ಬೈಬಲು ಪೂರ್ತಿಯಾಗಿ ಕನ್ನಡಕ್ಕೆ ಬಂದಿತು. ಇದೇ ರೀವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ನಾವಿರುವ ಈ ಮದರಾಸಿನಲ್ಲಿಯೇ ಅಚ್ಚಾಯಿತು. ಆಮೇಲೆ ಅನುವಾದವು ಹಲವು ಸಲ ಪರಿಷ್ಕಾರವಾಗಿದೆ.

ಕನ್ನಡ ಬೈಬಲಿನಲ್ಲಿ ಮೊದಲನೆಯ ಪುಸ್ತಕವಾದ ಆದಿಕಾಂಡದ 5, 10 ಮತ್ತು 11ನೆಯ ಅಧ್ಯಾಯಗಳಲ್ಲಿ ವಂಶಾವಳಿಗಳಿವೆ. ಪೂರ್ವಕಾಲವೃತ್ತಾಂತದ ಪ್ರಥಮ ಭಾಗದಲ್ಲಿ ಮೊದಲ 9 ಅಧ್ಯಾಯಗಳು ಬಹುಮಟ್ಟಿಗೆ ಹೆಸರುಗಳೇ. ಎಜ್ರ ಮತ್ತು ನೆಹೆಮೀಯ ಎಂಬ ಪುಸ್ತಕಗಳಲ್ಲಿ ಸೆರೆಯಿಂದ ಹಿಂದಿರುಗಿದವರ ಪಟ್ಟಿಗಳಿವೆ. ಹೊಸ ಒಡಂಬಡಿಕೆಯಲ್ಲಿ ಮತ್ತಾಯನ ಸುವಾರ್ತೆಯ 1ನೆಯ ಅಧ್ಯಾಯವೂ ಲೂಕನ ಸುವಾರ್ತೆಯ 3ನೆಯ ಅಧ್ಯಾಯವೂ ಯೇಸುವಿನ ವಂಶಾವಳಿಯನ್ನು ಕೊಡುತ್ತವೆ.

ಆದಿಕಾಂಡದ 5ನೆಯ ಅಧ್ಯಾಯವನ್ನು ಮೊದಲು ನೋಡೋಣ. ಆದಾಮನಿಗೆ 930 ವರ್ಷ, ಸೇತನಿಗೆ 912, ಮೆತೂಷೆಲಹನಿಗೆ 969 ಎಂದು ಆಯುಸ್ಸಿನ ಲೆಕ್ಕ ಬರುತ್ತದೆ. ಈ ಅಂಕಿಗಳನ್ನು ಕಂಡು ಬೆರಗಾಗುವವರು ಅಲ್ಲಿಯೇ ಇರುವ ಮುಖ್ಯ ಮಾತನ್ನು ಗಮನಿಸುವುದಿಲ್ಲ. ಪ್ರತಿಯೊಬ್ಬನ ಲೆಕ್ಕವೂ ಅವನು ಸತ್ತನು ಎಂಬುದರಲ್ಲಿ ಮುಗಿಯುತ್ತದೆ. ಒಂದಲ್ಲ ಎರಡಲ್ಲ, 8 ಸಲ ಈ ಮಾತು ಬರುತ್ತದೆ. 900 ವರ್ಷ ಬದುಕಿದರೂ ಕಡೆಯ ಸಾಲು ಅದೇ. ನಡುವೆ ಹನೋಕನೊಬ್ಬನ ಲೆಕ್ಕದಲ್ಲಿ ಮಾತ್ರ ಅದು ಬರುವುದಿಲ್ಲ. ಅವನ ಆಯುಸ್ಸು ಎಲ್ಲರಿಗಿಂತ ಕಡಿಮೆ, 365 ವರ್ಷ. ಅವನು ದೇವರೊಡನೆ ನಡೆದನೆಂದೂ ದೇವರು ಅವನನ್ನು ಕರೆದುಕೊಂಡನೆಂದೂ ಬರೆದಿದೆ. ಬಾಳಿನ ಉದ್ದಕ್ಕಿಂತ ಅದು ಯಾರ ಜೊತೆಯಲ್ಲಿ ನಡೆಯಿತೆಂಬುದು ಹೆಚ್ಚಿನದು ಎಂದು ಪಟ್ಟಿಯೇ ಇಲ್ಲಿ ಪಾಠ ಹೇಳುತ್ತಿದೆ.

3. ನೇಕಾರರು, ಕುಂಬಾರರು, ಲೇಖಕರು

ಪೂರ್ವಕಾಲವೃತ್ತಾಂತದ 9 ಅಧ್ಯಾಯಗಳನ್ನು ತಾಳ್ಮೆಯಿಂದ ಓದಿದವರಿಗೆ ಒಂದು ಸಂತೋಷ ಕಾದಿದೆ. ರಾಜರ, ಯಾಜಕರ ಹೆಸರುಗಳ ನಡುವೆ ಕೈಕೆಲಸದವರು ಬರುತ್ತಾರೆ. 2ನೆಯ ಅಧ್ಯಾಯದ ಕೊನೆಯಲ್ಲಿ ಯಾಬೇಚ ಎಂಬ ಊರಿನಲ್ಲಿ ವಾಸವಾಗಿದ್ದ ಲೇಖಕರ ಮನೆತನಗಳ ಮಾತಿದೆ. ಇಲ್ಲಿ ಲೇಖಕರೆಂದರೆ ಬರೆಯುವ ಕೆಲಸದವರು, ನಮ್ಮ ಗುಮಾಸ್ತ ವರ್ಗ. 4ನೆಯ ಅಧ್ಯಾಯದಲ್ಲಿ ಶಿಲ್ಪಿಗಳ ಕಣಿವೆಯೊಂದರ ಹೆಸರು ಬರುತ್ತದೆ. ಅದೇ ಅಧ್ಯಾಯದಲ್ಲಿ ಯೆಹೂದನ ಮಗನಾದ ಶೇಲಹನ ವಂಶವನ್ನು ಹೇಳುವಾಗ, ನಾರುಬಟ್ಟೆ ನೇಯುವ ಮನೆತನಗಳು ಸೇರಿವೆ. ಎರಡು ವಚನ ದಾಟಿದರೆ ಕುಂಬಾರರು. ಅವರು ಅರಸನ ಕೆಲಸಕ್ಕಾಗಿ ಅಲ್ಲಿ ನೆಲೆಸಿದ್ದರೆಂದು ಬರೆದಿದೆ.

9ನೆಯ ಅಧ್ಯಾಯದಲ್ಲಿ ದೇವಾಲಯದ ಬಾಗಿಲು ಕಾಯುವವರ ಪಟ್ಟಿ. ಅವರ ಸಂಖ್ಯೆ 212. ಕೆಲವರ ಕೆಲಸ ಬಾಗಿಲು ತೆರೆಯುವುದು. ಕೆಲವರದು ಪೂಜೆಯ ಪಾತ್ರೆಗಳನ್ನು ಲೆಕ್ಕಮಾಡಿ ಒಳಗೆ ತರುವುದು, ಲೆಕ್ಕಮಾಡಿ ಹೊರಗೆ ಕೊಡುವುದು. ಉಗ್ರಾಣದ ಗುಮಾಸ್ತನ ಕೆಲಸವೆಂದರೆ ಇದೇ ಅಲ್ಲವೆ? ಇನ್ನು ಕೆಲವರದು ಹಿಟ್ಟು, ಎಣ್ಣೆ, ಧೂಪದ್ರವ್ಯಗಳ ಉಸ್ತುವಾರಿ. ಮತ್ತಿತ್ಯ ಎಂಬವನೊಬ್ಬನ ಪಾಲಿಗೆ ಹಂಚಿನ ಮೇಲೆ ರೊಟ್ಟಿ ಸುಡುವ ಕೆಲಸ ಬಂದಿತ್ತು. ಅವನ ಹೆಸರೂ ಅವನ ತಂದೆಯ ಹೆಸರೂ ಅಲ್ಲಿ ನಿಂತಿವೆ.

ಲೋಕದಲ್ಲಿ ಸಾಮಾನ್ಯವಾಗಿ ಕಟ್ಟಡದ ಮೇಲೆ ಕಟ್ಟಿಸಿದವನ ಹೆಸರು ಇರುತ್ತದೆ, ಕಟ್ಟಿದವನ ಹೆಸರು ಇರುವುದಿಲ್ಲ. ಈ ಮಹಾನಗರದಲ್ಲಿ ಪೆರಂಬೂರಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿ ಒಂದು ಶತಮಾನಕ್ಕೂ ಮೀರಿ ನಡೆದು 1996ರಲ್ಲಿ ಮುಚ್ಚಿತು. ಅದರ ಹೆಸರು ಎಲ್ಲರಿಗೂ ಗೊತ್ತು. ಅಲ್ಲಿ ತಲೆಮಾರುಗಳ ಕಾಲ ನೂಲು ತೆಗೆದು ಬಟ್ಟೆ ನೇಯ್ದ ಸಾವಿರಾರು ಜನರ ಹೆಸರುಗಳನ್ನು ಯಾರು ಬಲ್ಲರು? ಆದರೆ ದೇವರ ಪುಸ್ತಕದಲ್ಲಿ ನೇಕಾರನ ಮನೆತನಕ್ಕೂ ರೊಟ್ಟಿ ಸುಟ್ಟವನಿಗೂ ಒಂದೊಂದು ಸಾಲು ಉಂಟು. ಕೆಲಸ ಸಣ್ಣದೆಂದು ಹೆಸರು ಬಿಟ್ಟುಹೋಗಲಿಲ್ಲ. ಈ ಒಂದು ವಿಷಯಕ್ಕಾಗಿಯಾದರೂ ಆ ಒಣ ಅಧ್ಯಾಯಗಳನ್ನು ಓದಬೇಕು.

4. ಮತ್ತಾಯನ ಪಟ್ಟಿ

ಮತ್ತಾಯನು ಅಬ್ರಹಾಮನಿಂದ ಆರಂಭಿಸಿ ಯೇಸುವಿನವರೆಗೆ ಬರುತ್ತಾನೆ. ಅಬ್ರಹಾಮನಿಂದ ದಾವೀದನವರೆಗೆ 14 ತಲೆ, ದಾವೀದನಿಂದ ಬಾಬಿಲೋನಿನ ಸೆರೆಯವರೆಗೆ 14, ಅಲ್ಲಿಂದ ಕ್ರಿಸ್ತನವರೆಗೆ 14 ಎಂದು ಮೂರು ಪಾಳಿ ಮಾಡುತ್ತಾನೆ. ಲೆಕ್ಕದವರು ಎಣಿಸಿ ನೋಡಿದರೆ ಕಡೆಯ ಪಾಳಿಯಲ್ಲಿ ಯೆಕೊನ್ಯನ ಹೆಸರನ್ನು ಮತ್ತೆ ಎಣಿಸಿದರೆ ಮಾತ್ರ 14 ಆಗುವುದು ಕಾಣುತ್ತದೆ. ಎರಡನೆಯ ಪಾಳಿಯಲ್ಲಿ ಮೂವರು ಅರಸರನ್ನು ಬಿಟ್ಟಿರುವುದೂ ಕಾಣುತ್ತದೆ. ಹಾಗಾದರೆ 14ರ ಮೇಲೆ ಅವನಿಗೇಕೆ ಇಷ್ಟು ಒಲವು? ಇಬ್ರಿಯ ಭಾಷೆಯಲ್ಲಿ ಅಕ್ಷರಗಳಿಗೆ ಅಂಕಿಯ ಬೆಲೆ ಉಂಟು. ದಾವೀದನೆಂಬ ಹೆಸರಿನ ಮೂರು ಅಕ್ಷರಗಳನ್ನು ಕೂಡಿಸಿದರೆ 4, 6, 4, ಒಟ್ಟು 14. ಯೇಸು ದಾವೀದನ ಕುಮಾರನೆಂದು ಸಾರಲು ಮತ್ತಾಯನು ಈ ಅಚ್ಚನ್ನು ಆರಿಸಿಕೊಂಡನೆಂದು ಅನೇಕ ಪಂಡಿತರ ಅಭಿಪ್ರಾಯ. ಆದುದರಿಂದ ಇದನ್ನು ಜನನ ದಾಖಲೆಯ ನಕಲೆಂದು ಓದದೆ, ಅರ್ಥವಿಟ್ಟು ಜೋಡಿಸಿದ ಪಟ್ಟಿಯೆಂದು ಓದತಕ್ಕದ್ದು.

ಆ ಅರ್ಥವು ಹೆಚ್ಚಾಗಿ ತೋರುವುದು ಹೆಂಗಸರ ಹೆಸರುಗಳಲ್ಲಿ. ಆ ಕಾಲದ ವಂಶಾವಳಿಗಳಲ್ಲಿ ಹೆಂಗಸರ ಹೆಸರು ಅಪರೂಪ. ಸೇರಿಸಬೇಕೆಂದಿದ್ದರೆ ಸಾರಾ, ರೆಬೆಕ್ಕ, ರಾಹೇಲರಂಥ ಮಾನ್ಯ ಗೃಹಿಣಿಯರನ್ನು ಸೇರಿಸಬಹುದಾಗಿತ್ತು. ಮತ್ತಾಯನು ಅವರನ್ನು ಸೇರಿಸಲಿಲ್ಲ. ಮರಿಯಳನ್ನು ಬಿಟ್ಟರೆ ಅವನು ಸೇರಿಸಿದ್ದು ನಾಲ್ವರನ್ನು.

ಮೊದಲನೆಯವಳು ತಾಮಾರ್. ಗಂಡಂದಿರು ಒಬ್ಬರ ಹಿಂದೊಬ್ಬರು ಸತ್ತು, ಮಾವನಾದ ಯೆಹೂದನು ಮಾತಿಗೆ ತಪ್ಪಿ ಅವಳನ್ನು ತವರಿಗೆ ತಳ್ಳಿಬಿಟ್ಟಿದ್ದನು. ಅವಳು ವೇಷ ಮರೆಸಿ ಮಾವನಿಂದಲೇ ಮಕ್ಕಳನ್ನು ಪಡೆದಳು. ಅವಳನ್ನು ಸುಡಬೇಕೆಂದು ಹೇಳಿದ ಯೆಹೂದನೇ ಕಡೆಗೆ, ತನಗಿಂತ ಅವಳೇ ನ್ಯಾಯವಂತಳೆಂದು ಒಪ್ಪಿಕೊಳ್ಳಬೇಕಾಯಿತು. ಎರಡನೆಯವಳು ರಾಹಾಬ್. ಯೆರಿಕೋ ಪಟ್ಟಣದ ವೇಶ್ಯೆ, ಪರಜನಾಂಗದವಳು. ಮೂರನೆಯವಳು ರೂತ್. ಅವಳ ವಿಷಯ ಮುಂದೆ ಹೇಳುತ್ತೇವೆ. ನಾಲ್ಕನೆಯವಳು ಬತ್ಷೆಬೆ. ಅವಳ ಹೆಸರನ್ನು ಮತ್ತಾಯನು ಹೇಳುವುದೇ ಇಲ್ಲ. ಊರೀಯನ ಹೆಂಡತಿ ಎಂದು ಹೇಳುತ್ತಾನೆ. ಊರೀಯನು ದಾವೀದನ ಸೈನ್ಯದಲ್ಲಿದ್ದ ಹಿತ್ತಿಯ ಜನಾಂಗದ ಸಿಪಾಯಿ. ದಾವೀದನು ಅವನ ಹೆಂಡತಿಯನ್ನು ತೆಗೆದುಕೊಂಡು, ಯುದ್ಧದಲ್ಲಿ ಅವನು ಸಾಯುವಂತೆ ಏರ್ಪಾಡು ಮಾಡಿದನು. ಕೊಂದ ಅರಸನ ವಂಶಾವಳಿಯಲ್ಲಿಯೇ ಸತ್ತ ಸಿಪಾಯಿಯ ಹೆಸರು ಸೇರಿಕೊಂಡಿದೆ. ರಕ್ತಸಂಬಂಧ ಇಲ್ಲದಿದ್ದರೂ, ಪರದೇಶಿಯಾಗಿದ್ದರೂ, ಅನ್ಯಾಯಕ್ಕೆ ಗುರಿಯಾದವನನ್ನು ಪಟ್ಟಿ ಮರೆಯಲಿಲ್ಲ. ಯಾವ ಅರಸನ ಶಾಸನದಲ್ಲಿ ಇಂಥ ಸಾಲನ್ನು ಕಾಣುತ್ತೇವೆ?

ಈಗ ರೂತಳ ಕಥೆ. ಊರು ಬಿಟ್ಟು ಹೊಟ್ಟೆಪಾಡಿಗೆ ಬಂದವರೆಲ್ಲರಿಗೂ ಇದು ತಮ್ಮ ಮನೆಯ ಕಥೆಯಂತೆಯೇ ತೋರುವುದು. ಬೆತ್ಲೆಹೇಮ್ ಎಂದರೆ ರೊಟ್ಟಿಯ ಮನೆ ಎಂದರ್ಥ. ಆ ರೊಟ್ಟಿಯ ಮನೆಯಲ್ಲಿಯೇ ಬರ ಬಂತು. ಎಲೀಮೆಲೆಕನು ಹೆಂಡತಿ ನೊವೊಮಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಮೋವಾಬ್ ಸೀಮೆಗೆ ಗುಳೆ ಹೋದನು. ಅಲ್ಲಿ ಅವನು ತೀರಿಹೋದನು. ಮಕ್ಕಳು ಅಲ್ಲಿಯ ಹುಡುಗಿಯರನ್ನು ಮದುವೆಯಾದರು. ಸುಮಾರು 10 ವರ್ಷದಲ್ಲಿ ಮಕ್ಕಳೂ ಸತ್ತರು. ಮೂವರು ವಿಧವೆಯರು ಉಳಿದರು. ಊರಿನಲ್ಲಿ ಬೆಳೆ ಬಂದಿದೆಯೆಂದು ಕೇಳಿ ನೊವೊಮಿ ಹಿಂದಿರುಗಲು ಹೊರಟಳು. ಸೊಸೆಯರನ್ನು ತವರಿಗೆ ಹೋಗಿರೆಂದಳು. ಒಬ್ಬಳು ಅತ್ತು ಹೋದಳು. ರೂತಳು ಹೋಗಲಿಲ್ಲ. ಅತ್ತೆಯ ಜನವೇ ತನ್ನ ಜನ, ಅತ್ತೆಯ ದೇವರೇ ತನ್ನ ದೇವರು ಎಂದು ಜೊತೆಯಲ್ಲಿ ಬಂದಳು.

ಬೆತ್ಲೆಹೇಮಿನಲ್ಲಿ ಜವೆಗೋದಿಯ ಸುಗ್ಗಿ. ಹೊಲದ ಅಂಚನ್ನು ಪೂರ್ತಿ ಕೊಯ್ಯದೆ, ಬಿದ್ದ ತೆನೆಯನ್ನು ಎತ್ತದೆ, ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಮೋಶೆಯ ಧರ್ಮಶಾಸ್ತ್ರದಲ್ಲಿ ವಿಧಿ ಇತ್ತು. ಆ ಆಸರೆಯಿಂದ ರೂತಳು ಬೋವಜನೆಂಬವನ ಹೊಲದಲ್ಲಿ ಹಕ್ಕಲಾಯ್ದು ಅತ್ತೆಯನ್ನು ಸಾಕಿದಳು. ಎಲೀಮೆಲೆಕನ ಆಸ್ತಿಯನ್ನು ಬಿಡಿಸಿಕೊಂಡು ಸತ್ತವನ ಹೆಸರನ್ನು ಉಳಿಸುವ ಬಾಧ್ಯತೆ ಹತ್ತಿರದ ಜ್ಞಾತಿಗೆ ಸೇರಿತ್ತು. ಬೋವಜನಿಗಿಂತ ಹತ್ತಿರದವನೊಬ್ಬನಿದ್ದನು. ಹೊಲ ಬೇಕೆಂದನು. ಮೋವಾಬಿನ ವಿಧವೆಯೂ ಜೊತೆಗೆ ಬರುತ್ತಾಳೆಂದು ತಿಳಿದಾಗ, ತನ್ನ ಸ್ವಂತ ಆಸ್ತಿಗೆ ನಷ್ಟವಾದೀತೆಂದು ಹಿಂಜರಿದನು. ಬೋವಜನು ಅವಳ ಕೈಹಿಡಿದನು. ಅವರ ಮಗ ಓಬೇದ, ಅವನ ಮಗ ಇಷಯ, ಅವನ ಮಗ ದಾವೀದ.

ಇಲ್ಲಿ ಒಂದು ಸೂಕ್ಷ್ಮವಿದೆ. ಮೋವಾಬ್ಯರು 10ನೆಯ ತಲೆಯವರೆಗೂ ದೇವರ ಸಭೆಗೆ ಸೇರಬಾರದೆಂದು ಧರ್ಮೋಪದೇಶಕಾಂಡದಲ್ಲಿ ಬರೆದಿತ್ತು. ಅದೇ ಮೋವಾಬಿನವಳು ಮಹಾರಾಜನ ಮುತ್ತಜ್ಜಿಯಾದಳು. ಮತ್ತೊಂದು ಸೂಕ್ಷ್ಮ. ತನ್ನ ಆಸ್ತಿ ಕೆಡಬಾರದೆಂದು ಹಿಂಜರಿದ ಆ ಜ್ಞಾತಿಯ ಹೆಸರು ರೂತಳ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಬೋವಜನು ಅವನನ್ನು ಕರೆಯುವಾಗಲೂ ಇಂಥವನೇ ಎಂಬಷ್ಟೇ ಅರ್ಥದ ಮಾತಿದೆ. ತನ್ನದನ್ನು ಕಾಯಲು ಹೋದವನ ಹೆಸರು ಅಳಿಯಿತು. ಪರದೇಶಿಯನ್ನು ಮನೆಗೆ ಸೇರಿಸಿಕೊಂಡವನ ಹೆಸರು ಉಳಿಯಿತು.

5. ಲೂಕನ ಪಟ್ಟಿ

ಲೂಕನು ಕೆಳಗಿನಿಂದ ಮೇಲಕ್ಕೆ ಏರುತ್ತಾನೆ. ಯೇಸುವಿನಿಂದ ಹೊರಟು ದಾವೀದ, ಅಬ್ರಹಾಮ, ನೋಹ ಎಂದು ಹಿಂದೆ ಹೋಗಿ ಆದಾಮನನ್ನು ಮುಟ್ಟಿ, ಆದಾಮನು ದೇವರಿಗೆ ಸೇರಿದವನೆಂದು ಮುಗಿಸುತ್ತಾನೆ. ಎರಡು ಪಟ್ಟಿಗಳೂ ಒಂದಕ್ಕೊಂದು ಹೊಂದುವುದಿಲ್ಲವೆಂದು ಹಿಂದಿನಿಂದಲೂ ಆಕ್ಷೇಪವುಂಟು. ಮತ್ತಾಯನು ದಾವೀದನ ಮಗ ಸೊಲೊಮೋನನ ದಾರಿ ಹಿಡಿದರೆ, ಲೂಕನು ಇನ್ನೊಬ್ಬ ಮಗ ನಾತಾನನ ದಾರಿ ಹಿಡಿಯುತ್ತಾನೆ. ಒಂದು ಹೆತ್ತ ತಂದೆಯ ಸಾಲು, ಇನ್ನೊಂದು ಧರ್ಮಶಾಸ್ತ್ರದಂತೆ ಬಂದ ತಂದೆಯ ಸಾಲು ಎಂದು 3ನೆಯ ಶತಮಾನದ ಜೂಲಿಯಸ್ ಆಫ್ರಿಕಾನಸ್ ಎಂಬವನು ಸಮಾಧಾನ ಹೇಳಿದನು. ಲೂಕನದು ಮರಿಯಳ ಮನೆಯ ಸಾಲೆಂದು ಹೇಳುವವರೂ ಇದ್ದಾರೆ. ಈ ಚರ್ಚೆ ಇನ್ನೂ ಮುಗಿದಿಲ್ಲ. ನಮಗೆ ಮುಖ್ಯವಾದುದು ದಿಕ್ಕು. ಮತ್ತಾಯನ ಪಟ್ಟಿ ಒಂದು ಜನಾಂಗದ ಮೂಲಪುರುಷನಲ್ಲಿ ನಿಂತರೆ, ಲೂಕನದು ಮಾನವಕುಲದ ಮೂಲದವರೆಗೆ ಹೋಗುತ್ತದೆ. ಅಷ್ಟು ದೂರ ಹೋದ ಮೇಲೆ ಯಾವನೂ ಹೊರಗಿನವನಾಗಿ ಉಳಿಯುವುದಿಲ್ಲ.

6. ಪಟ್ಟಿಯಲ್ಲಿ ಹೆಸರು ಸಿಗದವರು

ಹೆಸರಿದ್ದವರ ಮಾತಾಯಿತು. ಇಲ್ಲದವರ ಗತಿಯೇನು? ಈ ಪ್ರಶ್ನೆಯನ್ನೂ ಬೈಬಲು ಮುಚ್ಚಿಡುವುದಿಲ್ಲ. ಪಾರಸಿಯ ರಾಜನಾದ ಕೋರೆಷನ ಅಪ್ಪಣೆಯಂತೆ ಬಾಬಿಲೋನಿನ ಸೆರೆಯಿಂದ ಜೆರೂಸಲೇಮಿಗೆ ಹಿಂದಿರುಗಿದವರು 42,360 ಮಂದಿ ಎಂದು ಎಜ್ರನ 2ನೆಯ ಅಧ್ಯಾಯ ಲೆಕ್ಕ ಕೊಡುತ್ತದೆ. ಅದರಲ್ಲಿ 652 ಮಂದಿ ತಾವು ಇಸ್ರಾಯೇಲ್ಯರೆಂಬುದಕ್ಕೆ ದಾಖಲೆ ತೋರಿಸಲಾರದೆ ಹೋದರು. ಯಾಜಕರ ಕೆಲವು ಮನೆಯವರು ಪಟ್ಟಿಯಲ್ಲಿ ತಮ್ಮ ಹೆಸರನ್ನು ಹುಡುಕಿದರು. ಸಿಗಲಿಲ್ಲ. ಅವರನ್ನು ಯಾಜಕ ಉದ್ಯೋಗದಿಂದ ತಡೆದು ನಿಲ್ಲಿಸಿದರು.

ಕಾಗದ ಇಲ್ಲದವನ ಕಷ್ಟವನ್ನು ನಮ್ಮಲ್ಲಿ ಅನೇಕರು ಉಂಡಿದ್ದೇವೆ. ಊರಿನಲ್ಲಿ ರೇಷನ್ ಕಾರ್ಡಿನಿಂದ ಹೆಸರು ತೆಗೆದಿರುತ್ತಾರೆ, ಇಲ್ಲಿ ಇನ್ನೂ ಸೇರಿರುವುದಿಲ್ಲ. ವಿಳಾಸದ ದಾಖಲೆ ಕೇಳುತ್ತಾರೆ, ಬಾಡಿಗೆಯ ಮನೆಯವರು ಕೊಡುವುದಿಲ್ಲ. ಮನುಷ್ಯ ಎದುರಿಗೆ ನಿಂತಿದ್ದರೂ ಕಾಗದದಲ್ಲಿ ಅವನಿಲ್ಲ. ಆದರೆ ಆ 652 ಮಂದಿಯ ವಿಷಯದಲ್ಲಿ ಒಂದನ್ನು ಗಮನಿಸಬೇಕು. ಅವರನ್ನು ಹಿಂದಕ್ಕೆ ಅಟ್ಟಿದರೆಂದು ಬರೆದಿಲ್ಲ. ವಂಶ ತೋರಿಸಲಾರದವರೆಂಬ ಮಾತಿನೊಡನೆಯೇ ಅವರ ಮನೆತನದ ಹೆಸರುಗಳೂ ಸಂಖ್ಯೆಯೂ ಪಟ್ಟಿಯೊಳಗೆ ಬಂದಿವೆ.

ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿ ಚಲ್ಪಹಾದನ ಐವರು ಹೆಣ್ಣುಮಕ್ಕಳ ವೃತ್ತಾಂತವಿದೆ. ತಂದೆಗೆ ಗಂಡುಮಕ್ಕಳಿಲ್ಲ. ಹಾಗಾಗಿ ಅವನ ಹೆಸರೂ ಪಾಲೂ ಅಳಿಯಬೇಕೇ ಎಂದು ಅವರು ಸಭೆಯ ಮುಂದೆ ನಿಂತು ಕೇಳಿದರು. ಅವರು ಹೇಳುವುದು ನ್ಯಾಯವೆಂದು ದೇವರು ಮೋಶೆಗೆ ತಿಳಿಸಿ, ಅವರಿಗೆ ಪಾಲು ಕೊಡಿಸಿದನು. ಐವರ ಹೆಸರೂ ಬರೆದಿದೆ: ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ನಮ್ಮಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲೆಂಬ ಕಾನೂನು ತಮಿಳುನಾಡಿನಲ್ಲಿ 1989ರಲ್ಲಿ, ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂದಿತು. ಕೇಳಿದವರಿದ್ದುದರಿಂದಲೇ ಪಟ್ಟಿ ಬೆಳೆಯಿತು.

ವಂಶಾವಳಿಯೇ ಇಲ್ಲದ ಪೂಜ್ಯನೊಬ್ಬನೂ ಬೈಬಲಿನಲ್ಲಿ ಉಂಟು. ಮೆಲ್ಕಿಚೆದೇಕನೆಂಬ ಸಾಲೇಮಿನ ಅರಸನು ಅಬ್ರಹಾಮನಿಗೆ ರೊಟ್ಟಿ ದ್ರಾಕ್ಷಾರಸಗಳನ್ನು ತಂದುಕೊಟ್ಟು ಆಶೀರ್ವದಿಸಿದನು. ಅವನ ತಂದೆ, ತಾಯಿ, ವಂಶ ಒಂದೂ ತಿಳಿಯದೆಂದು ಇಬ್ರಿಯರಿಗೆ ಬರೆದ ಪತ್ರಿಕೆ ಹೇಳುತ್ತದೆ. ಆದರೂ ವಂಶಗಳ ಮೂಲಪುರುಷನಾದ ಅಬ್ರಹಾಮನೇ ಅವನಿಗೆ ದಶಮಾಂಶ ಕೊಟ್ಟನು. ಅಬ್ರಹಾಮನೂ ನಮ್ಮ ಹಾಗೆ ವಲಸೆ ಬಂದವನೇ. ಅವನು ಬಿಟ್ಟುಬಂದ ಪಟ್ಟಣದ ಹೆಸರು ಊರ್. ಊರು ಬಿಟ್ಟವನಿಂದಲೇ ಮತ್ತಾಯನ ಪಟ್ಟಿ ಆರಂಭವಾಗುತ್ತದೆ.

7. ದತ್ತುಮಕ್ಕಳು

ಒಮ್ಮೆ ಯೇಸು ಜನರಿಗೆ ಬೋಧಿಸುತ್ತಿದ್ದಾಗ, ತಾಯಿಯೂ ತಮ್ಮಂದಿರೂ ಹೊರಗೆ ನಿಂತಿದ್ದಾರೆಂದು ಯಾರೋ ಹೇಳಿದರು. ಆಗ ಅವರು ಶಿಷ್ಯರ ಕಡೆಗೆ ಕೈತೋರಿಸಿ, ತಂದೆಯ ಚಿತ್ತದಂತೆ ನಡೆಯುವವರೇ ತನಗೆ ತಮ್ಮ, ತಂಗಿ, ತಾಯಿ ಎಂದರು. ಇದನ್ನು ತಾಯಿಯ ಮೇಲಿನ ತಾತ್ಸಾರವೆಂದು ತಿಳಿಯಬಾರದು. ಶಿಲುಬೆಯ ಮೇಲಿನಿಂದಲೂ ಅವರು ತಾಯಿಯನ್ನು ಶಿಷ್ಯನೊಬ್ಬನ ವಶಕ್ಕೆ ಒಪ್ಪಿಸಿದರೆಂದು ಯೋಹಾನನು ಬರೆಯುತ್ತಾನೆ. ಮನೆತನದ ಬಾಗಿಲು ರಕ್ತಕ್ಕೆ ಮಾತ್ರ ತೆರೆಯುವಂಥದಲ್ಲ ಎಂಬುದೇ ಆ ಮಾತಿನ ಅರ್ಥ. ಪ್ರಾರ್ಥನೆ ಕಲಿಸುವಾಗಲೂ ದೇವರನ್ನು ತಂದೆಯೆಂದು ಕರೆಯುವವನು ‘ನನ್ನ’ ಎನ್ನದೆ ‘ನಮ್ಮ’ ಎನ್ನಬೇಕೆಂದು ಕಲಿಸಿದರು. ಹಾಗೆ ಕರೆದ ಕ್ಷಣವೇ ಪಕ್ಕದಲ್ಲಿ ನಿಂತವನು ಒಡಹುಟ್ಟಿದವನಾಗುತ್ತಾನೆ.

ಪೌಲನು ಇದನ್ನು ವಿವರಿಸಲು ದತ್ತಕದ ಮಾತನ್ನು ಬಳಸಿದನು. ಅವನ ಕಾಲದ ರೋಮಿನಲ್ಲಿ ದತ್ತು ಹೋದವನಿಗೆ ಹೊಸ ಮನೆಯ ಹೆಸರೂ ಹಕ್ಕೂ ಪೂರ್ತಿಯಾಗಿ ಬರುತ್ತಿದ್ದುವು. ಜೂಲಿಯಸ್ ಸೀಸರನ ಮರಣಶಾಸನದಿಂದ ದತ್ತುಮಗನಾದವನೇ ಮುಂದೆ ಅಗಸ್ಟಸ್ ಚಕ್ರವರ್ತಿಯಾದನು. ನಮ್ಮ ದೇಶದ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವೂ ದತ್ತುಮಗುವನ್ನು ಎಲ್ಲ ವಿಷಯದಲ್ಲಿಯೂ ಆ ಮನೆಯ ಮಗುವೆಂದೇ ಎಣಿಸುತ್ತದೆ. ದೇವರ ಮನೆಯಲ್ಲಿ ಎಲ್ಲರೂ ಹೀಗೆ ದತ್ತುಮಕ್ಕಳೇ, ಎಲ್ಲರೂ ಬಾಧ್ಯಸ್ಥರೇ ಎಂಬುದು ಪೌಲನ ವಾದ. ಎಲ್ಲರೂ ಕೃಪೆಯಿಂದ ಬಂದವರಾದ ಮೇಲೆ ನಾನು ಹಳಬ, ನೀನು ಹೊಸಬ ಎಂಬ ಜಂಬಕ್ಕೆ ಎಡೆಯಿಲ್ಲ.

ಕನ್ನಡ ನಾಡಿನಲ್ಲಿ ಇದನ್ನು ಬಾಳಿನಲ್ಲಿ ಪರೀಕ್ಷಿಸಿದವರು ಉಂಟು. ಮಂಗಳೂರಿನಲ್ಲಿ ಬಾಸೆಲ್ ಮಿಷನಿನ ಕೆಲಸ 1834ರಲ್ಲಿ ಮೊದಲಾಯಿತು. 1843ರಲ್ಲಿ ‘ಮಂಗಳೂರ ಸಮಾಚಾರ’ವೆಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರು ಈ ಮಿಷನಿನವರು. ಅವರ ಶಿಷ್ಯನಾದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣನು 1844ರಲ್ಲಿ ದೀಕ್ಷಾಸ್ನಾನ ಹೊಂದಿದನು. ಅದರ ಫಲವಾಗಿ ಮನೆಯವರಿಂದಲೂ ಜಾತಿಯವರಿಂದಲೂ ಅಗಲಬೇಕಾಯಿತು. ಬಾಸೆಲಿನಲ್ಲಿ ಓದಿ 1851ರಲ್ಲಿ ಉಪದೇಶಕರಾಗಿ ಹಿಂದಿರುಗಿದ ಅವರು, ಗುರುವಿನ ಹೆಸರಾದ ಹರ್ಮನ್ ಎಂಬುದನ್ನು ಮುಂದೆ ಸೇರಿಸಿಕೊಂಡರೂ ಕೌಂಡಿನ್ಯವೆಂಬ ಋಷಿಯ ಹೆಸರನ್ನು ಬಿಡಲಿಲ್ಲ. ಹರ್ಮನ್ ಆನಂದರಾವ್ ಕೌಂಡಿನ್ಯ ಎಂಬ ಒಂದೇ ಹೆಸರಿನಲ್ಲಿ ಎರಡು ವಂಶಾವಳಿಗಳು ಕೂಡಿದುವು. ಮುಂದೆ ಕೊಡಗಿನ ಆನಂದಪುರದಲ್ಲಿ, ಕ್ರೈಸ್ತರಾದ ದಲಿತ ಕೂಲಿಗಾರರಿಗೆ ಒಂದು ನೆಲೆ ಕಟ್ಟುವ ಕೆಲಸದಲ್ಲಿ ಅವರೂ ಸೇರಿದರು.

ಜಾತಿಯಿಂದ ಹೊರಬಿದ್ದವರಿಗೆ ಹೆಸರಿನೊಡನೆ ಅನ್ನವೂ ತಪ್ಪುತ್ತಿತ್ತು. ಆದುದರಿಂದ ಮಿಷನಿನವರು ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆಯನ್ನು ಕಟ್ಟಿದರು. 1851ರಲ್ಲಿ ಬಂದ ಹಾಲರ್ ಎಂಬ ನೇಯ್ಗೆ ಬಲ್ಲವನ ಕಾಲದಲ್ಲಿ ಖಾಕಿ ಬಣ್ಣದ ಬಟ್ಟೆ ಅಲ್ಲಿ ತಯಾರಾಯಿತು. 1865ರಲ್ಲಿ ಪ್ಲೆಬ್ಸ್ಟ್ ಎಂಬವನು ಹೆಂಚಿನ ಕಾರ್ಖಾನೆಯನ್ನು ತೆರೆದನು. ಮಂಗಳೂರು ಹೆಂಚು ನಾಡಿಗೆಲ್ಲ ಹರಡಿದ್ದು ಆಮೇಲೆ. ಮಿಷನಿನವರ ಕಟ್ಟುನಿಟ್ಟು, ಯಜಮಾನಿಕೆ ಎಲ್ಲರಿಗೂ ಹಿತವಾಗಿರಲಿಲ್ಲ. ಆದರೂ ಸಹೋದರನೆಂದು ಕರೆದ ಮೇಲೆ ಅವನ ಒಲೆ ಉರಿಯುವಂತೆಯೂ ನೋಡಬೇಕೆಂಬುದನ್ನು ಅವರು ಅರಿತಿದ್ದರು. ಬಾಯಿಮಾತಿನ ಬಂಧುತ್ವ ಹೊಟ್ಟೆ ತುಂಬಿಸಲಾರದು.

8. ಎಚ್ಚರಿಕೆಯ ಮಾತು

ವಂಶಾವಳಿ ಎರಡಲಗಿನ ಕತ್ತಿ. ಅಬ್ರಹಾಮನೇ ನಮ್ಮ ಮೂಲಪುರುಷನೆಂದು ಮೆರೆಯಬೇಡಿರಿ, ಈ ಕಲ್ಲುಗಳಿಂದಲೂ ದೇವರು ಅವನಿಗೆ ಮಕ್ಕಳನ್ನು ಹುಟ್ಟಿಸಬಲ್ಲನು ಎಂದು ಸ್ನಾನಿಕ ಯೋಹಾನನು ಗದರಿಸಿದನು. ಕೊನೆಯಿಲ್ಲದ ವಂಶಾವಳಿಗಳ ಜಗಳದಲ್ಲಿ ಬೀಳಬಾರದೆಂದು ಪೌಲನ ಹೆಸರಿನ ಪತ್ರಿಕೆಗಳಲ್ಲಿ ಬುದ್ಧಿವಾದವಿದೆ. ಈ ಮಾತನ್ನು ಓದಿದವರೂ ಅದನ್ನು ಮರೆತದ್ದುಂಟು. ತಮಿಳುನಾಡಿನ ಕೆಲವು ಊರುಗಳಲ್ಲಿ ಕ್ರೈಸ್ತರ ಸ್ಮಶಾನದಲ್ಲಿಯೇ ಜಾತಿಯ ಗೋಡೆ ಎದ್ದಿತು. ಒಬ್ಬ ತಂದೆಯ ಮಕ್ಕಳೆಂದು ಹಾಡಿದವರನ್ನು ಸತ್ತ ಮೇಲೆಯೂ ಬೇರೆ ಬೇರೆ ಮಲಗಿಸಿದರು. ಇದು ಒಂದು ಮತದವರ ರೋಗವಷ್ಟೇ ಅಲ್ಲ. ಕಲ್ಯಾಣದ ಶರಣರು 12ನೆಯ ಶತಮಾನದಲ್ಲಿಯೇ ಈ ರೋಗಕ್ಕೆ ಔಷಧ ಹೇಳಿದ್ದರು. ಔಷಧದ ಸೀಸೆಯನ್ನು ಗೂಡಿನಲ್ಲಿಟ್ಟು ಪೂಜಿಸಿದೆವೇ ಹೊರತು ಕುಡಿಯಲಿಲ್ಲ.

ಹಾಗಾದರೆ ನಮ್ಮ ಕೆಲಸವೇನು? ಮೊದಲನೆಯದು, ಹಿರಿಯರ ಹೆಸರುಗಳನ್ನು ಮಕ್ಕಳಿಗೆ ಹೇಳಿಕೊಡುವುದು. ಈ ಊರಿನಲ್ಲಿ ಹುಟ್ಟಿದ ಮಕ್ಕಳಿಗೆ ಅಜ್ಜನ ಹೆಸರೂ ಗೊತ್ತಿಲ್ಲದೆ ಹೋಗುತ್ತಿದೆ. ತಂದೆ, ತಾಯಿ, ಅವರಿಬ್ಬರ ತಂದೆತಾಯಿಗಳು, ಅವರ ಊರು, ಅವರ ಕಸಬು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡಿರಿ. ಹೆಂಗಸರ ಹೆಸರನ್ನು ಬಿಡಬೇಡಿರಿ. ಮನೆಯಲ್ಲಿ ಯಾರಿಗೋ ಅನ್ಯಾಯವಾಗಿದ್ದರೆ, ಮತ್ತಾಯನು ಊರೀಯನನ್ನು ಬರೆದಂತೆ ಅವರನ್ನೂ ಬರೆಯಿರಿ. ಎರಡನೆಯದು, ಆ ಹಾಳೆಯನ್ನು ಗೋಡೆಯಾಗಿ ನಿಲ್ಲಿಸದಿರುವುದು. ಹೊಸದಾಗಿ ಊರಿನಿಂದ ಬಂದವನನ್ನು ಯಾರ ಪೈಕಿ ಎಂದು ಕೇಳುವ ಮೊದಲು, ಊಟವಾಯಿತೆ, ಇಳಿಯಲು ಜಾಗವುಂಟೆ ಎಂದು ಕೇಳೋಣ. ಬಂಧುಗಳಿಲ್ಲದೆ ಇಲ್ಲಿ ತೀರಿಕೊಂಡವನಿಗೆ ಹೆಗಲು ಕೊಡಲು ನಾಲ್ವರು ಹೋಗೋಣ. ಯಾರ ಪೈಕಿ ಎಂಬುದಕ್ಕೆ ಅವನ ಪರವಾಗಿ “ನಮ್ಮ ಪೈಕಿ” ಎಂದು ಹೇಳುವವರು ಒಬ್ಬರಾದರೂ ಇದ್ದರೆ, ದೇವರ ಮನೆತನದ ಪಟ್ಟಿಗೆ ಒಂದು ಸಾಲು ಸೇರಿದಂತೆಯೇ.

ಓದಿ ಚರ್ಚಿಸತಕ್ಕ ಪ್ರಶ್ನೆಗಳು

1. ಮತ್ತಾಯನು ಸಾರಾಳನ್ನು ಬಿಟ್ಟು ತಾಮಾರಳನ್ನು ಸೇರಿಸಿದ್ದೇಕೆ?
2. ರೂತಳ ಪುಸ್ತಕದ 4ನೆಯ ಅಧ್ಯಾಯದ ಹೆಸರಿಲ್ಲದ ಜ್ಞಾತಿಯ ಸ್ಥಾನದಲ್ಲಿ ನಾವಿದ್ದರೆ ಏನು ಮಾಡುತ್ತಿದ್ದೆವು?
3. ಅರಸರ ಶಾಸನಗಳ ವಂಶಾವಳಿಗೂ ಮತ್ತಾಯನ ವಂಶಾವಳಿಗೂ ಇರುವ ಮುಖ್ಯ ಭೇದವೇನು?
4. ಪೂರ್ವಕಾಲವೃತ್ತಾಂತದ ಪ್ರಥಮ ಭಾಗದ 9ನೆಯ ಅಧ್ಯಾಯವನ್ನು ಓದಿ, ನಿಮ್ಮ ಕೆಲಸಕ್ಕೆ ಹತ್ತಿರವಾದ ಕೆಲಸ ಅಲ್ಲಿ ಯಾವುದಿದೆಯೆಂದು ಗುರುತಿಸಿರಿ.
5. ನಿಮ್ಮ ಮನೆಯ ಮೂರು ತಲೆಯ ಹೆಸರುಗಳನ್ನು, ಹೆಂಗಸರ ಹೆಸರುಗಳೂ ಸೇರಿದಂತೆ, ಬರೆಯಿರಿ. ಎಲ್ಲಿ ಹೆಸರು ನೆನಪಿಗೆ ಬರುವುದಿಲ್ಲವೋ ಅಲ್ಲಿ ಜಾಗ ಬಿಟ್ಟು, ಮುಂದಿನ ಸಲ ಊರಿಗೆ ಹೋದಾಗ ಹಿರಿಯರನ್ನು ಕೇಳಿ ತುಂಬಿರಿ.